ಕಾಲಿಗೆ ಅಭ್ಯಾಸ ಆದ್ರೆ ಬ್ರೇಕ್ ರಿಪೇರಿ ಆದಂಗಲ್ಲ

ಕಳೆದ ದಸರಾ ರಜೆಯಲ್ಲಿ ನಮ್ಮಮ್ಮ ಒಂದು ಕರುವಿನ ಪ್ರಾಣ ಉಳಿಸಿದ್ರು. ಉಳಿಸಿದ್ರು ಅನ್ನೋದಕ್ಕಿಂತ, ಒಂದು ಅಡಿ ಅಂತರದಲ್ಲಿ ಅದು ಉಳ್ಕೊಳ್ತು ಅನ್ನೋದೇ ಸರಿ.

ನಮ್ಮ ಅಜ್ಜನ ಮನೆ ತೀರ್ಥಹಳ್ಳಿ ಹತ್ತಿರ. ಕೊಟ್ಟಿಗೆ ಪಕ್ಕದ ಶೆಡ್‌ನಲ್ಲಿ ಅಜ್ಜನ ಕಾಂಟೆಸ್ಸಾ ಕ್ಲಾಸಿಕ್ ನಿಂತಿರುತ್ತೆ. ತೊಂಬತ್ತರ ದಶಕದ್ದು, ಪೆಟ್ರೋಲ್. ನಮ್ಮ ಬ್ಯಾಚ್‌ನವರು ಈ ಕಾರನ್ನ ಹಳೇ ಸಿನಿಮಾದಲ್ಲಿ ಮಾತ್ರ ನೋಡಿರ್ತೀರಿ, ಆದ್ದರಿಂದ ಎರಡು ಮಾತು ಹೇಳ್ತೀನಿ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರೊಂದರ ಬಾಡಿ ಡಿಸೈನ್ ತಗೊಂಡು ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಲ್ಲಿ ಇದನ್ನ ತಂದ್ರು. ಆಮೇಲೆ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಬಂತು, ಅದೇ ‘ಕ್ಲಾಸಿಕ್’. 2002ಕ್ಕೆ ತಯಾರಿಕೆ ನಿಂತೇ ಹೋಯ್ತು. ಅಜ್ಜನಿಗೆ ಅದು ಕಾರಲ್ಲ, ಮನೆಯ ಇನ್ನೊಬ್ಬ ಮಗ. ನಮಗೆಲ್ಲ ಹೋಳಿಗೆ ಬಡಿಸೋ ಮೊದಲು ಅದಕ್ಕೆ ಆಯುಧಪೂಜೆ ಆಗ್ಬೇಕು.

ಆವತ್ತು ಅಪ್ಪ ತಮ್ಮ ಕಾರ್ ತಗೊಂಡು ಶಿವಮೊಗ್ಗಕ್ಕೆ ಹೋಗಿದ್ರು. ಅಜ್ಜಿಗೆ ಮಾತ್ರೆ ಬೇಕಿತ್ತು. ಅಮ್ಮ ಕಾಂಟೆಸ್ಸಾ ಕೀ ತಗೊಂಡ್ರು, ನಾನು ಪಕ್ಕದಲ್ಲಿ ಕೂತೆ. ಮನೆಯಿಂದ ಅರ್ಧ ಕಿಲೋಮೀಟರ್ ಹೋದ್ರೆ ಒಂದು ಇಳಿಜಾರು, ಕೊನೆಯಲ್ಲಿ ತಿರುವು. ಅಲ್ಲಿ ಪಕ್ಕದ ತೋಟದಿಂದ ಒಂದು ಕರು ರಸ್ತೆಗೆ ಹಾರ್ತು. ಅಮ್ಮ ಬ್ರೇಕ್ ಒತ್ತಿದ್ರು. ಕಾರ್ ನಿಲ್ಲಲಿಲ್ಲ. ಅಮ್ಮ ಸೀಟಿಂದ ಎದ್ದು, ಎರಡೂ ಕಾಲಲ್ಲಿ ಪೆಡಲ್ ಮೇಲೆ ನಿಂತ್ಕೊಂಡ್ರು. ಆಗ ನಿಲ್ತು. ಕರು ನಮ್ಮ ಬಂಪರ್ ಮೂಸಿ ನೋಡಿ ಹೊರಟು ಹೋಯ್ತು. ಅಮ್ಮನ ಕೈ ಸ್ಟೀರಿಂಗ್ ಮೇಲೆ ನಡುಗ್ತಿತ್ತು.

ಮನೆಗೆ ಬಂದು ಅಮ್ಮ, “ಅಪ್ಪಯ್ಯ, ಬ್ರೇಕ್ ಪೆಡಲ್ ಕಲ್ಲಾಗಿದೆ” ಅಂದ್ರು.

ಅಜ್ಜ ಪೇಪರ್‌ನಿಂದ ತಲೆ ಎತ್ತದೆ, “ಅದು ಹಂಗೇ ಮಾರಾಯ್ತಿ, ಸ್ವಲ್ಪ ಗಟ್ಟಿಯಾಗಿ ಒತ್ಬೇಕು. ನಂಗೆ ಅಭ್ಯಾಸ ಆಗಿದೆ” ಅಂದ್ರು.

ಈ ಲೇಖನ ಬರೀತಿರೋದು ಆ ‘ಅಭ್ಯಾಸ ಆಗಿದೆ’ ಅನ್ನೋ ಮಾತಿನ ವಿರುದ್ಧ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವನು ನಾನು, ಒತ್ತಕ್ಷರ ಅಲ್ಲಲ್ಲಿ ಜಾರಿದ್ರೆ ಕ್ಷಮಿಸಿ. ವಿಷಯ ಜಾರದ ಹಾಗೆ ನೋಡ್ಕೊಳ್ತೀನಿ.

ಪೆಡಲ್ ಹಿಂದೆ ಇರೋ ಡಬ್ಬ

ಕೆಟ್ಟಿದ್ದು ಬ್ರೇಕ್ ಬೂಸ್ಟರ್. ಬಾನೆಟ್ ಎತ್ತಿದ್ರೆ ಡ್ರೈವರ್ ಕಡೆ, ಹಿಂದಿನ ಗೋಡೆಗೆ ಅಂಟ್ಕೊಂಡಂತೆ, ದೊಡ್ಡ ದೋಸೆ ಕಾವಲಿ ಎರಡು ಸೇರಿಸಿ ಮುಚ್ಚಿದ ಹಾಗೆ ಒಂದು ಕಪ್ಪು ಡಬ್ಬ ಕಾಣುತ್ತೆ. ಅದರ ಮುಂದೆ ಮಾಸ್ಟರ್ ಸಿಲಿಂಡರ್, ಅದರ ಮೇಲೆ ಬ್ರೇಕ್ ಆಯಿಲ್ ಡಬ್ಬಿ. ಡಬ್ಬದಿಂದ ಒಂದು ದಪ್ಪ ಹೋಸ್ ಪೈಪ್ ಎಂಜಿನ್‌ನ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹೋಗುತ್ತೆ.

ಡಬ್ಬದ ಒಳಗೆ ಒಂದು ರಬ್ಬರ್ ಡಯಾಫ್ರಮ್, ಅದು ಡಬ್ಬವನ್ನ ಎರಡು ಕೋಣೆ ಮಾಡುತ್ತೆ. ಎಂಜಿನ್ ಓಡ್ತಿರುವಾಗ ಮ್ಯಾನಿಫೋಲ್ಡ್ ಎರಡೂ ಕೋಣೆಯ ಗಾಳಿಯನ್ನ ಎಳ್ಕೊಂಡಿರುತ್ತೆ, ಅಂದ್ರೆ ಎರಡೂ ಕಡೆ ಭಾಗಶಃ ನಿರ್ವಾತ. ನೀವು ಪೆಡಲ್ ಒತ್ತಿದ ತಕ್ಷಣ ಒಳಗಿನ ವಾಲ್ವ್ ಎರಡು ಕೋಣೆಗಳ ನಡುವಿನ ದಾರಿ ಮುಚ್ಚಿ, ಹಿಂದಿನ ಕೋಣೆಗೆ ಹೊರಗಿನ ಗಾಳಿ ಬಿಡುತ್ತೆ. ಈಗ ಹಿಂದೆ ವಾತಾವರಣದ ಒತ್ತಡ, ಮುಂದೆ ನಿರ್ವಾತ. ಡಯಾಫ್ರಮ್ ಮುಂದಕ್ಕೆ ಹೋಗುತ್ತೆ, ನಿಮ್ಮ ಕಾಲಿನ ಜೊತೆ ಅದೂ ಮಾಸ್ಟರ್ ಸಿಲಿಂಡರನ್ನ ತಳ್ಳುತ್ತೆ. ನಿರ್ವಾತ ಏನನ್ನೂ ‘ಎಳೆಯಲ್ಲ’, ತಳ್ಳೋದು ಗಾಳಿ. ಮ್ಯಾಗ್ಡೆಬರ್ಗ್ ಅರ್ಧಗೋಳಗಳನ್ನ ಕುದುರೆಗಳಿಂದ ಎಳೆಸಿದ ಕಥೆ ಹೈಸ್ಕೂಲ್‌ನಲ್ಲಿ ಓದಿದ್ವಲ್ಲ, ಅದೇ ಗಾಳಿ ಇಲ್ಲಿ ನಮ್ಮ ಪರವಾಗಿ ಬ್ರೇಕ್ ಒತ್ತುತ್ತೆ.

ಎಷ್ಟು ಒತ್ತುತ್ತೆ? ಫಸ್ಟ್ ಇಯರ್ ಲೆಕ್ಕ ಸಾಕು. ಡಯಾಫ್ರಮ್ ವ್ಯಾಸ 20 ಸೆಂಟಿಮೀಟರ್ ಅಂದ್ಕೊಳ್ಳಿ, ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಐಡಲ್‌ನಲ್ಲಿ ಪೆಟ್ರೋಲ್ ಎಂಜಿನ್ ಕೊಡೋ ಒತ್ತಡದ ವ್ಯತ್ಯಾಸ ವಾತಾವರಣದ ಸುಮಾರು 0.6 ಪಾಲು, ಅಂದ್ರೆ ಚದರ ಸೆಂಟಿಮೀಟರ್‌ಗೆ 0.6 ಕೆ.ಜಿ. ಗುಣಿಸಿ: ಸುಮಾರು 190 ಕೆ.ಜಿ. ಬಲ. ಸಿಮೆಂಟ್ ಮೂಟೆ ನಾಲ್ಕರಷ್ಟು, ಬಿಟ್ಟಿಯಾಗಿ.

ಈಗ ಅದಿಲ್ಲ ಅಂದ್ಕೊಳ್ಳಿ. ಬೂಸ್ಟರ್ ಇರೋ ಕಾರಲ್ಲಿ ಪೆಡಲ್‌ನ ಲಿವರ್ ಅನುಪಾತ ಸಾಮಾನ್ಯವಾಗಿ ನಾಲ್ಕರ ಆಸುಪಾಸು. ನೀವು 20 ಕೆ.ಜಿ. ಬಲದಲ್ಲಿ ಒತ್ತಿದ್ರೆ ರಾಡ್‌ಗೆ 80 ಕೆ.ಜಿ. ಸಿಗುತ್ತೆ, ಬೂಸ್ಟರ್ 190 ಸೇರಿಸಿ 270 ಮಾಡುತ್ತೆ. ಬೂಸ್ಟರ್ ಸತ್ತಿದ್ರೆ ಅದೇ 270 ಬರೋಕೆ ಕಾಲು 67 ಕೆ.ಜಿ. ಒತ್ತಬೇಕು. ಇದು ಅಂದಾಜು ಲೆಕ್ಕ, ನಿಜವಾದ ಬೂಸ್ಟರ್‌ನಲ್ಲಿ ಸ್ಪ್ರಿಂಗ್, ವಾಲ್ವ್ ಎಲ್ಲಾ ಇದೆ. ಆದ್ರೆ ನಮ್ಮಮ್ಮನ ತೂಕ 54 ಕೆ.ಜಿ. ಅವರು ಯಾಕೆ ಪೆಡಲ್ ಮೇಲೆ ಎದ್ದು ನಿಂತ್ರು ಅಂತ ಈ ಲೆಕ್ಕ ಬರೆದಾಗ ನನಗೆ ಅರ್ಥ ಆಯ್ತು.

ನಾಚಿಕೆ ಅಂದ್ರೆ, ಈ ಲೆಕ್ಕ ನನಗೆ ಮೊದಲೇ ಬರ್ತಿತ್ತು. ಒತ್ತಡ ಇಂಟು ವಿಸ್ತೀರ್ಣದ ಪ್ರಾಬ್ಲಂಗೆ ಇಂಟರ್ನಲ್ಸ್‌ನಲ್ಲಿ ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಅದೇ ರಜೆಯಲ್ಲಿ ಆ ಕಾರನ್ನ ಶೆಡ್‌ನಿಂದ ಹೊರಗೆ ತೆಗೆದು ನಿಲ್ಲಿಸಿದ್ದೂ ನಾನೇ. ಪೆಡಲ್ ಗಟ್ಟಿ ಇರೋದು ಗೊತ್ತಾಗಿತ್ತು. ‘ಹಳೇ ಕಾರಲ್ವಾ, ಹಂಗೇ ಇರುತ್ತೆ’ ಅಂತ ಸುಮ್ನಾದೆ.

ನಿಧಾನವಾಗಿ ಕೆಡೋದೇ ಅಪಾಯ

ಒಂದೇ ದಿನದಲ್ಲಿ ಕೆಟ್ಟಿದ್ರೆ ಅಜ್ಜನೇ ಗಾಡಿ ಓಡಿಸ್ತಿರಲಿಲ್ಲ. ಆದ್ರೆ ಮೂವತ್ತು ವರ್ಷದ ರಬ್ಬರ್ ಒಂದೇ ದಿನ ಕೆಡಲ್ಲ. ಮೊದಲು ಒಂದು ಸಣ್ಣ ಬಿರುಕು, ಸ್ವಲ್ಪ ಗಾಳಿ ಸೋರುತ್ತೆ, ಪೆಡಲ್ ಸ್ವಲ್ಪ ಗಟ್ಟಿ. ಕಾಲು ಸ್ವಲ್ಪ ಜಾಸ್ತಿ ಒತ್ತುತ್ತೆ. ಮುಂದಿನ ತಿಂಗಳು ಇನ್ನೂ ಸ್ವಲ್ಪ. ಅಜ್ಜ ಗೊತ್ತಿಲ್ಲದೇ ಎರಡು ಮೂರು ಬದಲಾವಣೆ ಮಾಡ್ಕೊಂಡಿದ್ರು: ನಿಧಾನ ಓಡಿಸೋದು, ತಿರುವಿಗೆ ಮೊದಲೇ ಗೇರ್ ಇಳಿಸೋದು, ಮುಂದಿನ ಗಾಡಿಯಿಂದ ದೂರ ಇರೋದು. ಅವರ ಡ್ರೈವಿಂಗ್ ಚೆನ್ನಾಗಾಗಿತ್ತು ಅಂತಲೇ ಹೇಳಬಹುದು. ಕಾರ್ ಮಾತ್ರ ಕೆಟ್ಟಿತ್ತು.

ಬೂಸ್ಟರ್ ವಿಷಯದಲ್ಲಿ ಇನ್ನೊಂದು ಮೋಸ ಇದೆ. ಅದು ಸತ್ರೂ ಬ್ರೇಕ್ ಇರುತ್ತೆ. ಪೆಡಲ್‌ನಿಂದ ಮಾಸ್ಟರ್ ಸಿಲಿಂಡರ್‌ವರೆಗೆ ರಾಡ್ ನೇರವಾಗಿ ಇರೋದ್ರಿಂದ ಕಾಲಿನ ಬಲ ಹೇಗಿದ್ರೂ ತಲುಪುತ್ತೆ. ಇದು ಒಳ್ಳೇ ಡಿಸೈನ್. ಆದ್ರೆ ಮನುಷ್ಯರಾದ ನಾವು ಈ ಒಳ್ಳೇತನವನ್ನ ತಪ್ಪಾಗಿ ಓದ್ತೀವಿ: ‘ನಿಲ್ಲುತ್ತಲ್ಲ, ಸಾಕು’. ಪೇಟೆಯಲ್ಲಿ ಇಪ್ಪತ್ತು ಕಿಲೋಮೀಟರ್ ಸ್ಪೀಡ್‌ನಲ್ಲಿ ನಿಲ್ಲುತ್ತೆ. ಕರು ಬಂದಾಗ ನಿಲ್ಲಲ್ಲ. ಬ್ರೇಕ್ ಅನ್ನೋದು ಇರೋದೇ ಆ ಎರಡನೇ ಸಂದರ್ಭಕ್ಕೆ.

ಮತ್ತೆ, ಅಭ್ಯಾಸ ಆಗೋದು ಒಬ್ಬರ ಕಾಲಿಗೆ ಮಾತ್ರ. ಕೀ ಯಾರ ಕೈಗೆ ಬೇಕಾದ್ರೂ ಹೋಗುತ್ತೆ. ಅಮ್ಮನಿಗೆ, ನನಗೆ, ಮದುವೆ ಮನೆಯಲ್ಲಿ ಕಾರ್ ಸ್ವಲ್ಪ ಪಕ್ಕಕ್ಕೆ ಹಾಕು ಅಂತ ಯಾರಿಗೋ. ಅಜ್ಜನ ಕಾಲಿಗೆ ಗೊತ್ತಿರೋದು ಕಾರಲ್ಲಿ ಎಲ್ಲೂ ಬರೆದಿರಲ್ಲ.

‘ಬೂಸ್ಟರ್ ಕಿತ್ತಾಕಿ ಡೈರೆಕ್ಟ್ ಮಾಡಿ’

ಊರಲ್ಲಿ ತೋರಿಸಿದ ಮೊದಲ ಗ್ಯಾರೇಜ್‌ನಲ್ಲಿ ಸಿಕ್ಕ ಸಲಹೆ ಇದು. “ಈ ಬೂಸ್ಟರ್ ಹುಡ್ಕೋಕೆ ಯಾಕೆ ತಲೆಬಿಸಿ? ಕಿತ್ತಾಕಿ ರಾಡ್ ಡೈರೆಕ್ಟ್ ಮಾಡೋಣ. ಹಳೇ ಅಂಬಾಸಿಡರ್‌ಗೆ ಬೂಸ್ಟರ್ ಇತ್ತಾ? ಓಡ್ಲಿಲ್ವಾ?”

ಇದು ದಡ್ಡ ಮಾತಲ್ಲ, ಅದಕ್ಕೇ ಉತ್ತರ ಕೊಡ್ಬೇಕು. ಹಳೇ ಅಂಬಾಸಿಡರ್‌ಗೆ ಬೂಸ್ಟರ್ ಇರಲಿಲ್ಲ, ನಿಜ. ಆದ್ರೆ ಅದಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್‌ನಲ್ಲಿ ಮುಂದಿನ ಶೂ ಡ್ರಮ್‌ಗೆ ತಾಗಿದ ತಕ್ಷಣ ಚಕ್ರದ ತಿರುಗುವಿಕೆಯೇ ಅದನ್ನ ಇನ್ನಷ್ಟು ಒಳಗೆ ಎಳ್ಕೊಳ್ಳುತ್ತೆ. ಅಂದ್ರೆ ಡ್ರಮ್‌ಗೆ ತನ್ನದೇ ಒಂದು ಸಣ್ಣ ಬೂಸ್ಟರ್ ಇದ್ದ ಹಾಗೆ. ಕಾಂಟೆಸ್ಸಾಗೆ ಮುಂದೆ ಡಿಸ್ಕ್. ಡಿಸ್ಕ್‌ಗೆ ಆ ಗುಣ ಇಲ್ಲ, ಪ್ಯಾಡ್ ಎಷ್ಟು ಒತ್ತಿದ್ರೋ ಅಷ್ಟೇ ಹಿಡಿಯುತ್ತೆ. ಡಿಸ್ಕ್ ಬಿಸಿ ತಡ್ಕೊಳ್ಳುತ್ತೆ, ನೀರಲ್ಲಿ ನೆನೆದ್ರೂ ಬೇಗ ಸರಿಯಾಗುತ್ತೆ, ಆದ್ರೆ ಜಾಸ್ತಿ ಬಲ ಕೇಳುತ್ತೆ. ಆ ಬಲ ಕೊಡೋಕೇ ಬೂಸ್ಟರ್ ಇರೋದು. ಬೂಸ್ಟರ್ ಇಲ್ಲದ ಕಾರಲ್ಲಿ ಪೆಡಲ್ ಲಿವರ್ ಉದ್ದ ಇರುತ್ತೆ, ಮಾಸ್ಟರ್ ಸಿಲಿಂಡರ್ ಅಳತೆಯೂ ಅದಕ್ಕೆ ತಕ್ಕಂತೆ. ಬರೀ ಡಬ್ಬ ಕಿತ್ತು ರಾಡ್ ಹಾಕಿದ್ರೆ ಅದು ಅಂಬಾಸಿಡರ್ ಆಗಲ್ಲ, ಬೂಸ್ಟರ್ ಸತ್ತ ಕಾಂಟೆಸ್ಸಾನೇ ಆಗಿರುತ್ತೆ, ಪರ್ಮನೆಂಟಾಗಿ.

ಎರಡನೇ ಸಲಹೆ ಒಬ್ಬ ಕಾರ್ ಪ್ರೇಮಿಯಿಂದ ಬಂತು: “ಒರಿಜಿನಲ್ ಪೀಸ್ ಸಿಗೋವರೆಗೆ ಮುಟ್ಟಬೇಡಿ, ಹಳೇ ಗಾಡಿಯ ಬೆಲೆ ಹೋಗುತ್ತೆ.” ಅವರ ಪ್ರೀತಿ ನನಗೆ ಅರ್ಥ ಆಗುತ್ತೆ. ಡ್ಯಾಶ್‌ಬೋರ್ಡ್, ಸೀಟ್ ಬಟ್ಟೆ, ಹಾರ್ನ್ ಎಲ್ಲಾ ಹಳೇದೇ ಇರಲಿ. ಆದ್ರೆ ರಬ್ಬರ್‌ಗೆ ಒರಿಜಿನಲ್ ಅನ್ನೋ ಮಾತೇ ಇಲ್ಲ. ಡಬ್ಬಿಯಲ್ಲಿ ಪ್ಯಾಕ್ ಆಗಿ ಶೆಲ್ಫ್ ಮೇಲೆ ಇಪ್ಪತ್ತು ವರ್ಷ ಕೂತ ಬೂಸ್ಟರ್‌ನ ರಬ್ಬರ್ ಕೂಡ ಇಪ್ಪತ್ತು ವರ್ಷ ಹಳೇದೇ. ಮುಟ್ಟದೇ ಇಡೋದಾದ್ರೆ ಕಾರನ್ನ ಶೆಡ್‌ನಲ್ಲೇ ಇಡಿ. ರಸ್ತೆಗೆ ತರೋದಾದ್ರೆ ಬ್ರೇಕ್ ಇವತ್ತಿನದು ಇರಬೇಕು. ನನ್ನ ಅಭಿಪ್ರಾಯ ಇಷ್ಟೇ, ಇದರಲ್ಲಿ ನಾನು ರಾಜಿ ಆಗಲ್ಲ.

ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ

ಅಪ್ಪನ ಸ್ನೇಹಿತರ ಮೂಲಕ ಶಿವಮೊಗ್ಗದಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಸಿಕ್ಕಿದ್ರು. ಅವರು ಪಾನಾ ಮುಟ್ಟೋ ಮೊದಲು ಡ್ರೈವರ್ ಸೀಟಲ್ಲಿ ಕೂತ್ರು. “ಬಾ ಇಲ್ಲಿ, ಇಂಜಿನಿಯರ್ ಅಲ್ವಾ ನೀನು, ಕಾಲಿಡು” ಅಂತ ನನ್ನನ್ನ ಕೂರಿಸಿ ನಾಲ್ಕು ಪರೀಕ್ಷೆ ಮಾಡಿಸಿದ್ರು. ಟೂಲ್ಸ್ ಬೇಡ, ಬರೀ ಕಾಲು, ಕಿವಿ. ಗಾಡಿ ಸಮತಟ್ಟು ಜಾಗದಲ್ಲಿ, ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದಿರಬೇಕು.

ಒಂದು: ಎಂಜಿನ್ ಆಫ್ ಇರುವಾಗ ಪೆಡಲನ್ನ ಐದಾರು ಸಲ ಪಂಪ್ ಮಾಡಿ. ಒಳಗಿದ್ದ ನಿರ್ವಾತ ಖಾಲಿಯಾಗಿ ಪೆಡಲ್ ಗಟ್ಟಿ ಆಗುತ್ತೆ. ಹಾಗೇ ಒತ್ತಿ ಹಿಡ್ಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನ ಕೆಳಗೆ ಸ್ವಲ್ಪ ಇಳೀಬೇಕು. ಇಳಿಯದಿದ್ರೆ ಬೂಸ್ಟರ್‌ಗೆ ನಿರ್ವಾತ ಬರ್ತಿಲ್ಲ, ಇಲ್ಲಾ ಬಂದ್ರೂ ನಿಲ್ತಿಲ್ಲ.

ಎರಡು: ಎಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ. ಈಗ ಒತ್ತಿದ್ರೆ ಮೊದಲನೇ ಸಲ ಮೆತ್ತಗೆ, ಎರಡನೇ ಸಲ ಸ್ವಲ್ಪ ಗಟ್ಟಿ, ಮೂರನೇ ಸಲ ಇನ್ನೂ ಗಟ್ಟಿ ಆಗ್ಬೇಕು. ಮೊದಲನೇ ಸಲವೇ ಕಲ್ಲಾಗಿದ್ರೆ ಸಂಗ್ರಹ ಸೋರಿ ಹೋಗಿದೆ. ಹೋಸ್ ಪೈಪ್ ಡಬ್ಬಕ್ಕೆ ಸೇರೋ ಜಾಗದಲ್ಲಿ ಒನ್ ವೇ ವಾಲ್ವ್ ಇರುತ್ತೆ, ಮೊದಲು ಅದನ್ನ ಅನುಮಾನಿಸಿ.

ಮೂರು: ಎಂಜಿನ್ ಓಡ್ತಿರುವಾಗ ಪೆಡಲ್ ಒತ್ತಿ ಹಿಡ್ಕೊಂಡು ಆಫ್ ಮಾಡಿ. ಅರ್ಧ ನಿಮಿಷ ಹಾಗೇ ಇರಿ. ಪೆಡಲ್ ಮೇಲಕ್ಕೆ ತಳ್ಳಿದ್ರೆ ಎಲ್ಲೋ ಸೋರ್ತಿದೆ.

ನಾಲ್ಕು: ಎಂಜಿನ್ ಓಡ್ತಿರುವಾಗ ಒತ್ತಿ ಹಿಡಿದು ಕಿವಿ ಕೊಡಿ. ಒತ್ತುವಾಗ ಒಂದು ಕ್ಷಣ ಗಾಳಿ ಒಳಗೆ ಹೋದ ಸದ್ದು ಬಂದ್ರೆ ಸಹಜ. ‘ಸುಸ್ಸ್’ ಅಂತ ನಿಲ್ಲದೇ ಬರ್ತಿದ್ರೆ, ಜೊತೆಗೆ ಎಂಜಿನ್‌ನ ಐಡಲ್ ಏರುಪೇರಾದ್ರೆ, ಡಯಾಫ್ರಮ್ ಅಥವಾ ಒಳಗಿನ ವಾಲ್ವ್ ಹೋಗಿದೆ. ಆ ಗಾಳಿ ಸೀದಾ ಎಂಜಿನ್‌ಗೆ ಹೋಗ್ತಿರೋದ್ರಿಂದ ಐಡಲ್ ಕೆಡುತ್ತೆ.

ನಮ್ಮ ಕಾರಲ್ಲಿ ಪೆಡಲ್ ಇಳೀಲಿಲ್ಲ, ಸದ್ದು ಜೋರಾಗೇ ಬಂತು. ಆದ್ರೂ ಅವರು ಮೊದಲು ನೋಡಿದ್ದು ಹೋಸ್ ಪೈಪ್, ಒನ್ ವೇ ವಾಲ್ವ್. “ಕಡಿಮೆ ದುಡ್ಡಿಂದು ಮೊದಲು ನೋಡ್ಬೇಕು. ಎಷ್ಟೋ ಜನ ಇನ್ನೂರು ರೂಪಾಯಿ ಪೈಪ್ ಒಡೆದಿರೋದಕ್ಕೆ ಬೂಸ್ಟರೇ ಬದಲಾಯಿಸ್ತಾರೆ.” ಪೈಪ್‌ಗೂ ಬೂಸ್ಟರ್‌ಗೂ ನಡುವೆ ವಾಲ್ವ್ ಬಿಚ್ಚಿ ಬಾಯಲ್ಲಿ ಊದಿ ನೋಡಿದ್ರು. ಒಂದು ಕಡೆಗೆ ಗಾಳಿ ಹೋಯ್ತು, ಇನ್ನೊಂದು ಕಡೆಗೆ ಹೋಗಲಿಲ್ಲ. ವಾಲ್ವ್ ಸರಿ ಇದೆ. ತಪ್ಪು ಬೂಸ್ಟರ್‌ದೇ.

ನಮ್ಮ ಲ್ಯಾಬ್‌ನಲ್ಲಿ ಓಮ್‌ಮೀಟರ್ ಸರಿ ತೋರಿಸ್ತಿಲ್ಲ ಅಂದ್ರೆ ನಾವು ಏನು ಮಾಡ್ತೀವಿ? ಪಕ್ಕದ ಬ್ಯಾಚ್‌ನ ರೀಡಿಂಗ್ ಬರ್ಕೊಳ್ತೀವಿ. ಇವರು ವಾಲ್ವ್ ಊದಿ ನೋಡಿದ್ರು. ಯಾರು ಇಂಜಿನಿಯರ್ ಅಂತ ನೀವೇ ಹೇಳಿ.

ಕೆಟ್ಟಿದ್ದು ಒಂದು, ಕೆಡಿಸಿದ್ದು ಇನ್ನೊಂದು

ಬೂಸ್ಟರ್ ಹುಡ್ಕಿದ್ದು ಬೆಂಗಳೂರಲ್ಲಿರೋ ಚಿಕ್ಕಪ್ಪ. ನಾವು ಹಳೇದರ ವ್ಯಾಸ, ಹಿಂದಿನ ನಾಲ್ಕು ಬೋಲ್ಟ್‌ಗಳ ನಡುವಿನ ಅಂತರ, ಮುಂದಿನ ಎರಡು ಬೋಲ್ಟ್‌ಗಳ ಅಂತರ, ಎರಡೂ ಕಡೆ ರಾಡ್‌ನ ಉದ್ದ ಅಳೆದು ಫೋಟೋ ಸಮೇತ ಕಳಿಸಿದ್ವಿ. ಅವರು ಎರಡು ಶನಿವಾರ ಜೆ.ಸಿ. ರೋಡ್ ಸುತ್ತಿ, ಅದೇ ಮಾದರಿಯ, ಹೊಸ ರಬ್ಬರ್ ಹಾಕಿ ರೀಕಂಡೀಷನ್ ಮಾಡಿದ ಒಂದು ಬೂಸ್ಟರ್ ತಂದ್ರು. ಅದಕ್ಕೆ ಮೊದಲು ಆನ್‌ಲೈನ್‌ನಲ್ಲಿ ‘ಎಲ್ಲಾ ಗಾಡಿಗೂ ಆಗುತ್ತೆ’ ಅಂತ ಇದ್ದ ಒಂದನ್ನ ತರಿಸಿ ವಾಪಸ್ ಕಳಿಸಿದ್ದೂ ಆಯ್ತು. ಎಲ್ಲಾ ಗಾಡಿಗೂ ಆಗೋದು ಯಾವ ಗಾಡಿಗೂ ಸರಿಯಾಗಿ ಆಗಲ್ಲ.

ಹಳೇದನ್ನ ಬಿಚ್ಚಿದ ದಿನ ನಾನೂ ಇದ್ದೆ. ಮುಂದೆ ಮಾಸ್ಟರ್ ಸಿಲಿಂಡರ್‌ನ ಎರಡು ನಟ್. ಒಳಗೆ, ಡ್ಯಾಶ್‌ಬೋರ್ಡ್ ಕೆಳಗೆ ತಲೆಕೆಳಗಾಗಿ ಮಲಗಿ, ಪೆಡಲ್‌ನ ಪಿನ್, ಅದರ ಸ್ಪ್ಲಿಟ್ ಪಿನ್, ಆಮೇಲೆ ಗೋಡೆಗೆ ಬಿಗಿದ ನಾಲ್ಕು ನಟ್. ಆ ಕೆಲಸ ನನಗೆ ಕೊಟ್ರು, ಯಾಕಂದ್ರೆ ಅಲ್ಲಿ ಸಣ್ಣಗಿರೋರೇ ಹಿಡಿಸೋದು.

ಮಾಸ್ಟರ್ ಸಿಲಿಂಡರ್ ಮುಂದಕ್ಕೆ ಎಳೆದಾಗ ಬೂಸ್ಟರ್‌ನ ಬಾಯಿಂದ ಬ್ರೇಕ್ ಆಯಿಲ್ ಸುರೀತು. ಅಲ್ಲಿ ಒಂದು ಹನಿಯೂ ಇರಬಾರದು. ಮಾಸ್ಟರ್ ಸಿಲಿಂಡರ್‌ನ ಹಿಂದಿನ ಸೀಲ್ ಸವೆದು ಆಯಿಲ್ ಬೂಸ್ಟರ್ ಒಳಗೆ ಸೋರ್ತಿತ್ತು. ಒಳಗೆ ಪೇಂಟ್ ಎದ್ದು ತುಕ್ಕು ಹಿಡಿದು ಡಯಾಫ್ರಮ್ ಹಾಳಾಗಿತ್ತು. ಮೆಕ್ಯಾನಿಕ್ ಅಜ್ಜನ ಕಡೆ ತಿರುಗಿ, “ಯಜಮಾನ್ರೇ, ಆಯಿಲ್ ಆಗಾಗ ಕಡಿಮೆ ಆಗ್ತಿತ್ತಾ?” ಅಂತ ಕೇಳಿದ್ರು.

“ಹೌದು. ತಿಂಗಳಿಗೊಮ್ಮೆ ಸ್ವಲ್ಪ ಹಾಕ್ತಿದ್ದೆ. ಕೆಳಗೆಲ್ಲೂ ಸೋರ್ತಿರಲಿಲ್ಲ.”

“ಕೆಳಗೆ ಸೋರಿಲ್ಲ, ಒಳಗೆ ಸೋರಿದೆ.”

ನೋಡಿ, ಇಲ್ಲೂ ಅದೇ ಅಭ್ಯಾಸ. ಪೆಡಲ್ ಗಟ್ಟಿಯಾದ್ರೆ ಜೋರಾಗಿ ಒತ್ತೋದು, ಆಯಿಲ್ ಕಡಿಮೆಯಾದ್ರೆ ತುಂಬಿಸೋದು. ಆಯಿಲ್ ಡಬ್ಬಿ ತಿಂಗಳು ತಿಂಗಳೂ ಅಜ್ಜನಿಗೆ ಏನೋ ಹೇಳ್ತಿತ್ತು, ಅಜ್ಜ ಅದರ ಬಾಯಿಗೆ ಆಯಿಲ್ ಹಾಕಿ ಸುಮ್ನಿರಿಸ್ತಿದ್ರು. ಬರೀ ಬೂಸ್ಟರ್ ಬದಲಾಯಿಸಿ ಬಂದಿದ್ರೆ ಹೊಸದೂ ಹೀಗೇ ಹಾಳಾಗ್ತಿತ್ತು. ಮಾಸ್ಟರ್ ಸಿಲಿಂಡರ್‌ಗೂ ಹೊಸ ಕಿಟ್ ಹಾಕಿಸಿದ್ವಿ. ಪೈಪ್ ಬಿಚ್ಚಿದ್ಮೇಲೆ ಏರ್ ತೆಗೆಯೋ ಕೆಲಸ: ಅಮ್ಮ ಪೆಡಲ್ ಮೇಲೆ, ನಾನು ದೂರದ ಹಿಂದಿನ ಚಕ್ರದಿಂದ ಶುರುಮಾಡಿ ಒಂದೊಂದೇ ಚಕ್ರದ ಹತ್ತಿರ ಬಾಟಲಿ ಹಿಡ್ಕೊಂಡು. “ಒತ್ತಿ, ಹಿಡ್ಕೊಳ್ಳಿ” ಅಂತ ನಾನು ಕೂಗೋದು, ನಿಪ್ಪಲ್ ಮುಚ್ಚಿದ ಮೇಲೆ “ಬಿಡಿ” ಅನ್ನೋದು. ಗುಳ್ಳೆ ನಿಂತು ಬರೀ ಆಯಿಲ್ ಬರೋವರೆಗೆ.

ಅಲ್ಲಿಗೆ ಮುಗೀತು ಅಂದ್ಕೊಂಡೆ. ಟ್ರಯಲ್‌ಗೆ ಹೋದ್ವಿ, ಪೆಡಲ್ ಬೆಣ್ಣೆ ಹಾಗೆ. ಮೂರು ಕಿಲೋಮೀಟರ್ ಆದ್ಮೇಲೆ ಕಾರ್ ಭಾರ ಆಯ್ತು, ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಬ್ರೇಕ್ ತಾನಾಗೇ ಹಿಡ್ಕೊಳ್ತಿತ್ತು. ಮೆಕ್ಯಾನಿಕ್ ಗಾಬರಿ ಆಗಲಿಲ್ಲ. ಮಾಸ್ಟರ್ ಸಿಲಿಂಡರ್‌ನ ಎರಡು ನಟ್ ಸ್ವಲ್ಪ ಸಡಿಲ ಮಾಡಿದ್ರು, ಚಕ್ರ ಫ್ರೀ ಆಯ್ತು. “ರಾಡ್ ಒಂದು ಕೂದಲು ಉದ್ದ ಇದೆ” ಅಂದ್ರು.

ಕಾರಣ ಹೀಗೆ: ಬೂಸ್ಟರ್‌ನ ಮುಂದಿನ ರಾಡ್ ಉದ್ದ ಇದ್ರೆ ಮಾಸ್ಟರ್ ಸಿಲಿಂಡರ್ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಲ್ಲ. ಆಯಿಲ್ ಡಬ್ಬಿಗೆ ವಾಪಸ್ ಹೋಗೋ ಸಣ್ಣ ತೂತು ಮುಚ್ಚೇ ಇರುತ್ತೆ. ಬಿಸಿಯಾಗಿ ಹಿಗ್ಗಿದ ಆಯಿಲ್‌ಗೆ ಹೋಗೋಕೆ ಜಾಗ ಇಲ್ಲ, ಅದು ಪ್ಯಾಡನ್ನೇ ತಳ್ಳುತ್ತೆ, ಇನ್ನೂ ಬಿಸಿಯಾಗುತ್ತೆ. ಗಿಡ್ಡ ಇದ್ರೆ ಉಲ್ಟಾ, ಪೆಡಲ್ ಸುಮ್ನೆ ಕೆಳಗೆ ಹೋಗಿ ಆಮೇಲೆ ಹಿಡಿಯುತ್ತೆ. ತುದಿಯ ಸ್ಕ್ರೂ ಸ್ವಲ್ಪ ಒಳಗೆ ತಿರುಗಿಸಿ ಅಳತೆ ಸರಿ ಮಾಡಿದ್ರು. ಬೂಸ್ಟರ್ ಬದಲಾಯಿಸೋದು ಅಂದ್ರೆ ಡಬ್ಬ ತೆಗೆದು ಡಬ್ಬ ಹಾಕೋದಲ್ಲ, ಈ ಒಂದು ಕೂದಲಿನ ಅಳತೆ ನೋಡೋದು. ಮನೆಯಲ್ಲೇ ಮಾಡ್ತೀನಿ ಅನ್ನೋ ಉತ್ಸಾಹಿಗಳು ಇದನ್ನ ನೆನಪಿಡಿ, ಮೊದಲ ಸಲ ಗೊತ್ತಿರೋರ ಪಕ್ಕ ನಿಂತೇ ಮಾಡಿ.

ಒಟ್ಟು ಖರ್ಚು ನನ್ನ ಒಂದು ಸೆಮಿಸ್ಟರ್‌ನ ಮೆಸ್ ಬಿಲ್‌ಗಿಂತ ಕಡಿಮೆ.

ಘಾಟಿಯಲ್ಲಿ ಎಂಜಿನ್ ಆಫ್ ಮಾಡೋ ಬುದ್ಧಿವಂತರಿಗೆ

ಇದನ್ನ ಹೇಳದೇ ಹೋದ್ರೆ ಲೇಖನ ಅರ್ಧ ಆದಂಗೆ. ಮಲೆನಾಡು ಕಡೆ ಇಳಿಜಾರಲ್ಲಿ ಪೆಟ್ರೋಲ್ ಉಳಿಸೋಕೆ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡೋರು ಈಗಲೂ ಇದ್ದಾರೆ. ಅದ್ರಲ್ಲಿ ನಮ್ಮ ಕ್ಲಾಸ್‌ಮೇಟ್ಸೂ ಇದ್ದಾರೆ. ಬೂಸ್ಟರ್ ಎಷ್ಟೇ ಹೊಸದಿದ್ರೂ, ಎಂಜಿನ್ ಆಫ್ ಆದ್ಮೇಲೆ ಅದರಲ್ಲಿ ಎರಡು ಮೂರು ಸಲ ಒತ್ತೋಕಷ್ಟೇ ನಿರ್ವಾತ ಉಳಿದಿರುತ್ತೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು ಇದೆ. ಮೂರು ತಿರುವಿಗೆ ಬೂಸ್ಟರ್ ಖಾಲಿ, ಎಂಜಿನ್ ಬ್ರೇಕಿಂಗೂ ಇಲ್ಲ, ಉಳಿದ 11ಕ್ಕೆ? ಗೇರ್‌ನಲ್ಲಿರಲಿ, ಎಂಜಿನ್ ಓಡ್ತಿರಲಿ. ಆಕ್ಸಲರೇಟರ್ ಬಿಟ್ಟಾಗ ಪೆಟ್ರೋಲ್ ಎಂಜಿನ್ ಜಾಸ್ತಿ ನಿರ್ವಾತ ಕೊಡುತ್ತೆ, ಅಂದ್ರೆ ಇಳಿಜಾರಲ್ಲಿ ಬೂಸ್ಟರ್‌ಗೆ ಅದು ಹಬ್ಬ. ಡೀಸೆಲ್ ಗಾಡಿಯಲ್ಲಿ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತೆ, ಅದೂ ಎಂಜಿನ್ ಓಡಿದ್ರೇ ತಿರುಗೋದು.

ನಮ್ಮ ಕ್ಯಾಂಪಸ್‌ಗೆ ಒಂದು ಬೇಡಿಕೆ

ನಮ್ಮ ಮೆಕ್ಯಾನಿಕಲ್ ಲ್ಯಾಬ್‌ನಲ್ಲಿ ಅರ್ಧಕ್ಕೆ ಕೊಯ್ದು ಕೆಂಪು, ನೀಲಿ ಬಣ್ಣ ಹಚ್ಚಿಟ್ಟ ಮಾಡೆಲ್‌ಗಳು ಸಾಲಾಗಿ ಇವೆ. ವೈವಾದಲ್ಲಿ ಭಾಗಗಳ ಹೆಸರು ಹೇಳ್ತೀವಿ, ಮಾರ್ಕ್ಸ್ ತಗೊಳ್ತೀವಿ. ಆದ್ರೆ ಆ ಮಾಡೆಲ್ ಮೇಲೆ ಯಾರೂ ಕಾಲಿಟ್ಟಿಲ್ಲ. ಸರಿಯಿರೋ ಪೆಡಲ್ ಹೇಗಿರುತ್ತೆ, ಕೆಟ್ಟ ಪೆಡಲ್ ಹೇಗಿರುತ್ತೆ ಅಂತ ಕಾಲಿಗೆ ಗೊತ್ತಿಲ್ಲದೇ ನಾವು ವೆಹಿಕಲ್ ಡೈನಾಮಿಕ್ಸ್ ಪಾಸ್ ಆಗ್ತೀವಿ. ಪಾರ್ಕಿಂಗ್‌ನಲ್ಲಿ ನಿಂತಿರೋ ಒಂದು ಹಳೇ ಕಾಲೇಜ್ ಗಾಡಿ ಸಾಕು. ಒಂದು ಸಲ ಹೋಸ್ ಪೈಪ್ ಹಾಕಿ, ಒಂದು ಸಲ ತೆಗೆದು ಬಾಯಿ ಮುಚ್ಚಿ, ನಿಂತಲ್ಲೇ ಪೆಡಲ್ ಒತ್ತಿಸಿ ನೋಡಿ. ಒಬ್ಬರಿಗೆ ಒಂದು ನಿಮಿಷ. ಕಂಪ್ಯೂಟರ್ ಸೈನ್ಸ್‌ನವರಿಗೂ ಮಾಡಿಸಿ, ಅವರೂ ಕಾರ್ ಓಡಿಸ್ತಾರೆ.

‘ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನೋ ಮಾತು ನಮ್ಮೂರಲ್ಲಿ ಬಸ್ ಸೀಟಿಗೆ ಸರಿ, ಮೂರು ಜನರ ಸೀಟಲ್ಲಿ ನಾಲ್ಕನೇಯವರು ಕೂರಬಹುದು. ಬ್ರೇಕ್‌ಗೆ ಅಡ್ಜಸ್ಟ್ ಆದ್ರೆ, ಅದರ ಬೆಲೆ ಕೊಡೋದು ಅಡ್ಜಸ್ಟ್ ಆದವನಲ್ಲ, ರಸ್ತೆ ದಾಟ್ತಿರೋ ಇನ್ಯಾರೋ.

ಈ ಸಂಕ್ರಾಂತಿಗೆ ಉಡುಪಿಗೆ ಹೋದ್ವಿ, ಆಗುಂಬೆ ಮೇಲೆ. ಘಾಟಿ ಶುರುವಾಗೋ ಮೊದಲು ಅಜ್ಜ ಗಾಡಿ ನಿಲ್ಲಿಸಿ ಇಳಿದ್ರು. “ನೀನೇ ಬಿಡು” ಅಂತ ಅಮ್ಮನಿಗೆ ಕೀ ಕೊಟ್ಟು ಪಕ್ಕದ ಸೀಟಲ್ಲಿ ಕೂತ್ರು. ಅಮ್ಮ ಎರಡನೇ ಗೇರ್‌ನಲ್ಲಿ, ಒಂದೇ ಕಾಲಲ್ಲಿ, 14 ತಿರುವೂ ಇಳಿಸಿದ್ರು. ಅಜ್ಜ ಮೊದಲ ಕೆಲವು ತಿರುವಿನಲ್ಲಿ ತಾವೂ ಬಲಗಾಲನ್ನ ಗಟ್ಟಿಯಾಗಿ ನೆಲಕ್ಕೆ ಒತ್ತುತ್ತಿದ್ರು. ಅಭ್ಯಾಸ. ಸೋಮೇಶ್ವರ ಬರೋಷ್ಟರಲ್ಲಿ ಒತ್ತೋದು ನಿಲ್ಲಿಸಿದ್ರು.

ಈ ವೀಕೆಂಡ್ ಊರಿಗೆ ಹೋಗ್ತಿದ್ರೆ ಒಂದು ಕೆಲಸ ಮಾಡಿ. ಮನೆಯ ಕಾರ್ ಆಫ್ ಇರುವಾಗ ಐದಾರು ಸಲ ಪೆಡಲ್ ಪಂಪ್ ಮಾಡಿ, ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಇಳೀತಾ? ಸರಿ. ಇಳೀಲಿಲ್ವಾ? ಗ್ಯಾರೇಜ್‌ಗೆ ಹೋಗಿ. ಆಮೇಲೆ ಅಮ್ಮನ ಹತ್ರಾನೂ ಒತ್ತಿಸಿ ನೋಡಿ. ಆ ಕಾರ್ ದಿನಾ ಓಡಿಸೋರ ಕಾಲಿಗಿಂತ, ಅಪರೂಪಕ್ಕೆ ಓಡಿಸೋರ ಕಾಲು ನಿಜ ಹೇಳುತ್ತೆ.